ಒಮ್ಮೆಯೂ ಕೆಡದ ಡಬ್ಬಿ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ನಾನೇ ಹೇಳಿಬಿಡುವುದು ಒಳ್ಳೆಯದು, ನನ್ನ ಗಂಡ ಹೇಳಿದರೆ ಇನ್ನೂ ನಾಲ್ಕು ಮಾತು ಸೇರಿಸುತ್ತಾನೆ. ಉಪ್ಪಾರಹಳ್ಳಿಯ ನಮ್ಮ ಬೀದಿಯಲ್ಲಿ ಯಾರಾದರೂ ಹೊಸ ಗೇಟು ಹಾಕಿಸಿದರೆ ಅವತ್ತು ನನಗೆ ಕಾಫಿ ರುಚಿಸುವುದಿಲ್ಲ. ಆದರೆ ಗೇಟಿನ ಹೊಟ್ಟೆಕಿಚ್ಚು ಒಂದೆರಡು ದಿನಕ್ಕೆ ಆರುತ್ತದೆ. ಕುಣಿಗಲ್ಲಿನವಳ ಮೇಲೆ ಹುಟ್ಟಿದ್ದು ಆರಲಿಲ್ಲ, ಇವತ್ತಿಗೂ ಆರಿಲ್ಲ.

ನಾನು ಕೆಲಸ ಮಾಡುವುದು ಅಂತರಸನಹಳ್ಳಿಯ ಒಂದು ಸಣ್ಣ ಕಂಪನಿಯಲ್ಲಿ. ತೋಟದ ಬೋರ್‌ವೆಲ್ ಮೋಟಾರನ್ನು ಮನೆಯಲ್ಲಿ ಕೂತು ಫೋನಿನಿಂದ ಹಾಕುವ, ಆರಿಸುವ ಡಬ್ಬಿಯನ್ನು ನಾವು ಮಾಡುತ್ತೇವೆ. ಡಬ್ಬಿಯೊಳಗೆ ಒಂದು ಸಿಮ್ ಇರುತ್ತದೆ. ರೈತ ಫೋನಿನಲ್ಲಿ ಹಸಿರು ಬಟನ್ ಒತ್ತಿದರೆ ಆ ಮಾತು ನಮ್ಮ ಸರ್ವರಿಗೆ ಬರುತ್ತದೆ, ಸರ್ವರು ಡಬ್ಬಿಗೆ 'ಹಾಕು' ಅನ್ನುತ್ತದೆ, ಡಬ್ಬಿ ಟಕ್ ಅಂತ ಸ್ವಿಚ್ ಹಾಕಿ 'ಹಾಕಿದೆ' ಅಂತ ಉತ್ತರ ಕೊಡುತ್ತದೆ. ಉತ್ತರ ಬರದಿದ್ದರೆ ಸರ್ವರು ಬಿಡುವುದಿಲ್ಲ, ಬರುವ ತನಕ 'ಹಾಕು, ಹಾಕು' ಅನ್ನುತ್ತಲೇ ಇರುತ್ತದೆ. ಇವೆರಡರ ನಡುವಿನ ಈ ಮಾತುಕತೆಯ ನಿಯಮಕ್ಕೆ ಪ್ರೋಟೋಕಾಲ್ ಅನ್ನುತ್ತಾರೆ. ಆ ಮಾತುಕತೆ ಎಲ್ಲಿ ಕೆಡುತ್ತದೆ, ಯಾರಾದರೂ ಕಳ್ಳ ನಡುವೆ ನುಸುಳಿ ಅದನ್ನು ಕೆಡಿಸಬಹುದಾ ಅಂತ ಹುಡುಕುವುದು ನನ್ನ ಕೆಲಸ. ಟೆಸ್ಟಿಂಗ್.

ನನ್ನ ಟೆಸ್ಟಿಂಗಿಗೆ ಒಂದು ಪದ್ಧತಿ ಇತ್ತು. ಅರ್ಧ ಮಾತು ಕಳಿಸಿ ನೋಡುವುದು, ತಲೆಕೆಳಗಾದ ಮಾತು ಕಳಿಸಿ ನೋಡುವುದು, ಒಂದೇ ಮಾತನ್ನು ಮತ್ತೆ ಮತ್ತೆ ಕಳಿಸಿ ನೋಡುವುದು. ಒಂದಾದ ಮೇಲೆ ಒಂದು, ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ. ಕಂಪನಿ ಶುರುವಾದಾಗಿನಿಂದ ಇದ್ದೇನೆ. ಡಬ್ಬಿಗೆ ಮೊದಲ ಹೊದಿಕೆ ಬಂದಾಗ ಅದರ ಬಣ್ಣ ಚೆನ್ನಾಗಿಲ್ಲ ಅಂದವಳೂ ನಾನೇ.

ಅಂಥಾ ಕಡೆಗೆ ಅವಳು ಬಂದಳು. ದಿನಾ ಕುಣಿಗಲ್ಲಿನಿಂದ ಬಸ್ಸಿನಲ್ಲಿ ಬರುತ್ತಿದ್ದಳು, ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು, ಬಸ್ಸಿನಲ್ಲಿ ನಿಂತುಕೊಂಡೇ ಬಂದರೂ ಮುಖದಲ್ಲಿ ಒಂದು ಸುಕ್ಕಿಲ್ಲ. ಬಂದ ದಿನವೇ ನನ್ನನ್ನು 'ಅಕ್ಕ' ಅಂದಳು. ಎಲ್ಲರೂ ಮೇಡಂ ಅನ್ನುವ ಕಡೆ ಅಕ್ಕ ಅಂದರೆ ಪ್ರೀತಿ ಅಂತ ಬೇರೆಯವರಿಗೆ ಅನ್ನಿಸಬಹುದು. ನನಗೆ ವಯಸ್ಸು ನೆನಪಿಸಿದ ಹಾಗೆ ಅನ್ನಿಸಿತು.

ಅವಳಿಗೆ ಪದ್ಧತಿ ಗಿದ್ಧತಿ ಏನೂ ಇರಲಿಲ್ಲ. ಇದ್ದದ್ದು ತುಂಟತನ. ಡಬ್ಬಿ ಕೆಲಸ ಮಾಡುತ್ತಿರುವಾಗ ಅದರ ಆಂಟೆನಾ ಬಿಚ್ಚುವಳು. ನಡುವೆ ಸಿಮ್ ಎಳೆದುಬಿಡುವಳು. ಬೆಳಿಗ್ಗೆ ಸರ್ವರು ಕಳಿಸಿದ ಮಾತನ್ನು ಹಿಡಿದಿಟ್ಟುಕೊಂಡು ಸಂಜೆ ಅದನ್ನೇ ಡಬ್ಬಿಗೆ ಮತ್ತೆ ಕಳಿಸುವಳು, ಡಬ್ಬಿ ಪೆದ್ದನ ಹಾಗೆ ಅದನ್ನು ನಂಬುವುದು. "ನೋಡಿ ಅಕ್ಕ, ಪಕ್ಕದ ತೋಟದವ್ನು ಹಿಂಗ್ ಮಾಡಿದ್ರೆ ನಮ್ ಮೋಟ್ರು ಅವ್ನ್ ಕೈಲಿರತ್ತೆ" ಅಂತ ನಗುವಳು. ನಾನು ವಾರಗಟ್ಟಲೆ ಕೂತು ಹುಡುಕಿದ್ದಕ್ಕಿಂತ ದೊಡ್ಡ ತಪ್ಪನ್ನು ಅವಳು ಟೀ ಕುಡಿಯುತ್ತಾ ಹುಡುಕುತ್ತಿದ್ದಳು. ಅದಕ್ಕೆ ಸರಿಯಾಗಿ ಕಂಪನಿ ನಡೆಸುವ ನಮ್ಮ ಸರ್ ಅವಳ ಮೇಜಿನ ಹತ್ತಿರ ನಿಂತು "ಬ್ಯೂಟಿಫುಲ್" ಅನ್ನುವರು. ನನ್ನ ಮೇಜಿನ ಹತ್ತಿರ ನಿಂತಾಗ "ಆಯ್ತಾ?" ಅಂತ ಮಾತ್ರ ಕೇಳುತ್ತಿದ್ದರು. ಮುಂಚೆ ಬಂದ ಕಿವಿಗಿಂತ ಆಮೇಲೆ ಬಂದ ಕೊಂಬೇ ಉದ್ದ ಅಂತ ನಮ್ಮ ಕಡೆ ಸುಮ್ಮನೆ ಹೇಳಿಲ್ಲ.

ಆ ವರ್ಷ ನಮ್ಮ ಟೆಸ್ಟಿಂಗಿಗೆ ದೊಡ್ಡವರಾಗಿದ್ದವರು ಕೆಲಸ ಬಿಟ್ಟು ಮೈಸೂರಿಗೆ ಹೋದರು. ಡಬ್ಬಿ ಹೊರಗೆ ಹೋಗುವ ಮುಂಚೆ ಕೊನೆಯ ಓಕೆ ಹೇಳುತ್ತಿದ್ದವರು ಅವರು. ಅವರು ಓಕೆ ಅನ್ನದೆ ಒಂದು ಡಬ್ಬಿಯೂ ಗೇಟು ದಾಟುತ್ತಿರಲಿಲ್ಲ, ಸರ್ ಕೂಡ ಅವರ ಮುಂದೆ ಕಾಯುತ್ತಿದ್ದರು. ಆ ಜಾಗ ನನ್ನದು ಅಂತ ನಾನು ಯಾವಾಗಲೋ ತೀರ್ಮಾನ ಮಾಡಿಕೊಂಡಿದ್ದೆ. ಸರ್ ಮಾತ್ರ ಇಬ್ಬರನ್ನೂ ಕೂರಿಸಿಕೊಂಡು, "ನಿಮ್ಮಿಬ್ರಲ್ಲಿ ಒಬ್ರು. ಈ ಸಲದ ಡಬ್ಬಿ ಹೋಗ್ಲಿ, ಆಮೇಲೆ ಹೇಳ್ತೀನಿ" ಅಂದರು. ಇಬ್ಬರಲ್ಲಿ ಒಬ್ಬರು ಅನ್ನುವುದಕ್ಕೆ ನಾನೇನು ನಿನ್ನೆ ಬಂದವಳಾ? ಮನೆಗೆ ಹೋಗಿ ಅವತ್ತು ರೊಟ್ಟಿ ತಟ್ಟಿದ ಸದ್ದು ಪಕ್ಕದ ಮನೆಗೂ ಕೇಳಿಸಿರಬೇಕು.

ಆ ಸಲದ ಡಬ್ಬಿಯಲ್ಲಿ ಅವಳು ಒಂದು ತಪ್ಪು ಹಿಡಿದಳು. ಕ್ಯಾಂಟೀನಿನಿಂದ ಅನ್ನದ ಸ್ಟೀಲ್ ಪಾತ್ರೆ ತಂದು, ಡಬ್ಬಿಯನ್ನು ಅದರೊಳಗಿಟ್ಟು, ಫೋನಿನಲ್ಲಿ ಹಸಿರು ಬಟನ್ ಒತ್ತಿದಳು. ಟಕ್ ಅಂದ ತಕ್ಷಣ ಪಾತ್ರೆಯ ಮುಚ್ಚಳ ಮುಚ್ಚಿ ಅಮುಕಿದಳು. ನೆಟ್‌ವರ್ಕ್ ಹೋಯಿತು. ಮೋಟಾರು ಹಾಕಿಯಾಗಿದೆ, ಆದರೆ 'ಹಾಕಿದೆ' ಅನ್ನುವ ಉತ್ತರ ಸರ್ವರಿಗೆ ಮುಟ್ಟಲಿಲ್ಲ. ಸರ್ವರು ತನ್ನ ಪಾಡಿಗೆ 'ಹಾಕು' ಅನ್ನುತ್ತಾ ಕೂತಿತು. ಅವಳು ಮುಚ್ಚಳ ಒಂದು ಚೂರು ಸರಿಸಿ ಪಾತ್ರೆಯೊಳಕ್ಕೆ ಕೈ ತೂರಿಸಿ ಡಬ್ಬಿಯ ಮೇಲಿನ ಕೆಂಪು ಬಟನ್ ಒತ್ತಿ ಮೋಟಾರು ಆರಿಸಿದಳು, ತೋಟದಲ್ಲಿ ರೈತ ಕೈಯಲ್ಲೇ ಆರಿಸುವ ಹಾಗೆ. ಆಮೇಲೆ ಮುಚ್ಚಳ ತೆಗೆದಿಟ್ಟು ದೂರ ಸರಿದಳು. ಸ್ವಲ್ಪ ಹೊತ್ತಿಗೆ ನೆಟ್‌ವರ್ಕ್ ಬಂತು, ಕಾಯುತ್ತಿದ್ದ ಹಳೇ 'ಹಾಕು' ಬಂದು ಮುಟ್ಟಿತು. ಡಬ್ಬಿ ಮತ್ತೆ ಟಕ್ ಅಂತು.

"ರೈತ ಆರ್ಸಿ ಮನೆಗ್ ಹೋಗವ್ನೆ, ಮೋಟ್ರು ತಾನೇ ಎದ್ದು ಓಡ್ತಾ ಇದೆ" ಅಂದಳು. "ಬೋರಲ್ಲಿ ನೀರಿಲ್ದೆ ಇದ್ರೆ ಸುಟ್ಟೋಗತ್ತೆ ಸರ್. ಆಸ್ಪತ್ರೇಲಿ ಟೋಕನ್ ಕೊಡ್ತಾರಲ್ಲ, ಹಂಗೆ ಪ್ರತಿ ಮಾತಿಗೂ ನಂಬರ್ ಹಾಕ್ಬೇಕು. ಹಳೇ ನಂಬರ್ ಬಂದ್ರೆ ಡಬ್ಬಿ ಒಳಕ್ ಬಿಡ್ಬಾರ್ದು."

ಹಾಗೆ ಮಾಡಬೇಕೆಂದರೆ ಡಬ್ಬಿ ಹೊರಗೆ ಹೋಗುವುದು ತಿಂಗಳುಗಟ್ಟಲೆ ತಡವಾಗುತ್ತಿತ್ತು. ಸರ್ ನನ್ನ ಮುಖ ನೋಡಿದರು. ನನ್ನ ಕೈಯಲ್ಲಿ ಒಂದು ಬ್ರಹ್ಮಾಸ್ತ್ರ ಇತ್ತು, ಅದನ್ನು ತೆಗೆದೆ.

"ತೋಟದಲ್ಲಿ ಯಾರೂ ಡಬ್ಬೀನ ಅನ್ನದ ಪಾತ್ರೆಯೊಳಗೆ ಇಡಲ್ಲ ಸರ್" ಅಂದೆ. "ನಮ್ಮಣ್ಣನ ತೋಟದಲ್ಲಿ ಎರಡು ವರ್ಷದಿಂದ ನಮ್ಮ ಮೊದಲನೇ ಡಬ್ಬಿ ಇದೆ. ಒಂದು ದಿನ ಕೆಟ್ಟಿಲ್ಲ. ಸರ್ವರಲ್ಲಿ ತೆಗೆದು ನೋಡಿ."

ಅದು ನಿಜ. ನನ್ನ ತವರು ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದ ಹತ್ತಿರ. ಅಲ್ಲಿ ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ ಎಲ್ಲ ಅಣ್ಣನೇ ನೋಡಿಕೊಳ್ಳುತ್ತಾನೆ. ಮೊದಲ ಡಬ್ಬಿಗಳು ತಯಾರಾದಾಗ ನಾನೇ ಒಂದನ್ನು ಕೈಯಾರೆ ತೆಗೆದುಕೊಂಡು ಹೋಗಿ ಮೋಟಾರು ಮನೆಯ ಗೋಡೆಗೆ ಹಾಕಿಸಿದ್ದೆ. ಅವತ್ತಿನಿಂದ ಅಣ್ಣ ದಿನಾ ಫೋನಿನಲ್ಲಿ ಮೋಟಾರು ಹಾಕುತ್ತಾನೆ, ಆರಿಸುತ್ತಾನೆ, ಡಬ್ಬಿ ದಿನಾ 'ಹಾಕಿದೆ', 'ಆರಿಸಿದೆ' ಅನ್ನುತ್ತದೆ. ನಮ್ಮ ಎಲ್ಲ ಡಬ್ಬಿಗಳಲ್ಲಿ ದೂರು ಬಾರದ ಡಬ್ಬಿ ಅದೊಂದೇ. ಬೇಜಾರಾದಾಗಲೆಲ್ಲ ಸರ್ವರಿನಲ್ಲಿ ಅದನ್ನು ತೆಗೆದು ನೋಡುತ್ತಿದ್ದೆ. ಉದ್ದಕ್ಕೂ ಹಸಿರು.

ಸರ್ ನೋಡಿದರು, ತಲೆದೂಗಿದರು. ಅವಳೂ ನೋಡಿದಳು. "ಇಷ್ಟೊಂದ್ ಚೆನ್ನಾಗಿರೋದು ಹೆಂಗೆ ಅಕ್ಕ? ಅಲ್ಲಿ ನೆಟ್‌ವರ್ಕ್ ಹೋಗೋದೇ ಇಲ್ವಾ?" ಅಂದಳು. ಕೇಳಿದ ರೀತಿ ಮೃದುವಾಗಿಯೇ ಇತ್ತು, ಆದರೆ ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ನನ್ನ ತವರಿನ ಮೇಲೇ ಅನುಮಾನ. ಜಗಳ ಬಗೆಹರಿಯಲಿ ಅಂತ ಸರ್, "ಇಬ್ರೂ ಹೋಗಿ ನೋಡ್ಕೊಂಡ್ ಬನ್ನಿ. ತೋಟದಲ್ಲಿ ಸರಿ ಇದ್ರೆ ಡಬ್ಬಿ ಕಳ್ಸೋಣ" ಅಂದರು. ತೋಟದಲ್ಲಿ ಸರಿ ಇದ್ದರೆ ಓಕೆ ಹೇಳುವ ಜಾಗವೂ ನನ್ನದು ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಶನಿವಾರ ಬೆಳಿಗ್ಗೆ ತುಮಕೂರಿನಿಂದ ಗುಬ್ಬಿಗೆ, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ ಊರಿಗೆ ಹೋದೆವು. ದಾರಿಯುದ್ದಕ್ಕೂ ಅವಳು ಫೋನಿನ ನೆಟ್‌ವರ್ಕ್ ಕಡ್ಡಿಗಳನ್ನೇ ನೋಡುತ್ತಿದ್ದಳು. ಊರು ಹತ್ತಿರವಾದ ಹಾಗೆ ಒಂದೊಂದೇ ಕಡ್ಡಿ ಹೋಗುತ್ತಿತ್ತು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಅತ್ತಿಗೆ ಬಾಗಿಲಲ್ಲೇ ಕಾಯುತ್ತಿದ್ದಳು. ನನ್ನ ಮುಖ ನೋಡಿ "ಬಾ" ಅಂದಳು, ಕುಣಿಗಲ್ಲಿನವಳ ಕೈ ಹಿಡಿದು ಒಳಕ್ಕೆ ಕರಕೊಂಡು ಹೋದಳು. ಊಟಕ್ಕೆ ಮುದ್ದೆ, ಸೊಪ್ಪಿನ ಬಸ್ಸಾರು. ಅವಳು ಮುದ್ದೆಯನ್ನು ಗುಳುಂ ಅಂತ ನುಂಗುವುದನ್ನು ನೋಡಿ ಅಣ್ಣನಿಗೆ ಸಂತೋಷವೋ ಸಂತೋಷ. "ನೋಡವ್ವ, ಈ ಮಗ ಊಟ ಮಾಡೋದ್ ನೋಡು. ನೀನೂ ಇದೀಯ, ಪ್ಯಾಟೆಗೋದ್ಮೇಲೆ ಮುದ್ದೆ ಮುರ್ಯಕ್ಕೂ ಬರಲ್ಲ" ಅಂದ. ನಮ್ಮಣ್ಣ ಮಾತು ಕಡಿಮೆ. ನಾನು ಹೋದಾಗ "ಬಂದ್ಯಾ", "ಉಂಡ್ಯಾ", "ಹೊಂಟ್ಯಾ", ಅಷ್ಟೇ. ಅವತ್ತು ನನ್ನ ಅಣ್ಣನ ಬಾಯಿಂದ ಬಂದ ಮಾತುಗಳಲ್ಲಿ ಮುಕ್ಕಾಲು ಪಾಲು ಅವಳ ತಟ್ಟೆಗೆ ಬಿದ್ದವು. ಅವಳೋ, ಬೋರಿನ ಆಳ ಎಷ್ಟು, ಬೇಸಿಗೆಯಲ್ಲಿ ನೀರು ಎಷ್ಟು ಹೊತ್ತು ಬರುತ್ತೆ, ತ್ರೀ ಫೇಸ್ ಕರೆಂಟು ಯಾವಾಗ ಕೊಡ್ತಾರೆ ಅಂತ ಕೇಳುತ್ತಲೇ ಇದ್ದಳು. ಇವನ್ನೆಲ್ಲ ನಾನು ಯಾವತ್ತೂ ಕೇಳಿರಲಿಲ್ಲ. ಹುಟ್ಟಿ ಬೆಳೆದ ಮನೆ, ಏನು ಕೇಳುವುದು?

ಊಟ ಆದ ಮೇಲೆ ಕರೆಂಟು ಬಂತು. ತೋಟ ಊರಾಚೆ, ನಡೆದರೆ ಹತ್ತು ನಿಮಿಷ. ಅತ್ತಿಗೆ ನನ್ನನ್ನು ಹಿಡಿದು ಕೂರಿಸಿ ತಲೆಗೆ ಹೂ ಮುಡಿಸುತ್ತಿದ್ದಳು. ಅಷ್ಟರಲ್ಲಿ ಹೊರಗೆ ಗಾಡಿ ಶುರುವಾದ ಸದ್ದು. ನೋಡಿದರೆ ಅಣ್ಣ ಅವಳನ್ನು ಹಿಂದೆ ಕೂರಿಸಿಕೊಂಡು ಹೊರಟೇಬಿಟ್ಟಿದ್ದಾನೆ. ನನ್ನನ್ನು ಒಂದು ಮಾತು ಕರೆಯಲಿಲ್ಲ. ಅರ್ಧ ಮುಡಿದ ಹೂವಲ್ಲೇ ಎದ್ದು ನಡೆದೆ. ಅತ್ತಿಗೆ ಹಿಂದಿನಿಂದ, "ಇರೇ, ಕೂತ್ಕೊಳೇ, ಅವ್ರು ನೋಡ್ಕಂಡ್ ಬರ್ತಾರೆ ಬುಡು" ಅಂತ ಕೂಗುತ್ತಿದ್ದಳು. ಅವಳು ಯಾಕೆ ಅಷ್ಟೊಂದು ತಡೆಯುತ್ತಿದ್ದಾಳೆ ಅಂತ ಯೋಚಿಸುವ ತಾಳ್ಮೆ ನನಗಿರಲಿಲ್ಲ.

ತೋಟಕ್ಕೆ ಹೋಗುವಷ್ಟರಲ್ಲಿ ಅಣ್ಣ ಮೋಟಾರು ಮನೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಕೈ ತಿರುಗಿಸಿ ತಿರುಗಿಸಿ ಏನೋ ಹೇಳುತ್ತಿದ್ದ. ಅವಳು ಎದುರಿಗೆ ಕೂತು ಹೂಂಗುಟ್ಟುತ್ತಿದ್ದಳು. ಅಣ್ಣ ಅಷ್ಟು ಉದ್ದ ಮಾತಾಡುವುದನ್ನು ನಾನು ನೋಡಿದ್ದು ಅಪ್ಪ ತೀರಿಕೊಂಡ ವರ್ಷ, ಅದೂ ನನ್ನ ಹತ್ತಿರ ಅಲ್ಲ. ನನ್ನನ್ನು ಕಂಡ ಕೂಡಲೇ ಇಬ್ಬರೂ ಸುಮ್ಮನಾದರು.

ಮೋಟಾರು ಮನೆಯೊಳಗೆ ಇಣುಕಿದೆ. ಗೋಡೆಗೆಲ್ಲ ದೂಳು, ಜೇಡರ ಬಲೆ, ಹಳೇ ಸ್ಟಾರ್ಟರಿನ ಮೇಲೆ ಕೈಯ ಕರಿ ಜಿಡ್ಡು. ನನ್ನ ಡಬ್ಬಿ ಮಾತ್ರ ಒರೆಸಿಟ್ಟ ಹಾಗೆ ಫಳಫಳ ಅನ್ನುತ್ತಿತ್ತು, ಆಯುಧಪೂಜೆಯ ಅರಿಶಿನ ಕುಂಕುಮ ಇನ್ನೂ ಅದರ ಮೇಲಿತ್ತು. ನೋಡು, ನನ್ನ ಡಬ್ಬಿಯನ್ನು ಹೇಗೆ ಇಟ್ಟುಕೊಂಡಿದ್ದಾರೆ ಅಂತ ಅವಳ ಕಡೆ ಒಂದು ನೋಟ ಬೀರಿದೆ. ಅವಳು ನೆಲ ನೋಡುತ್ತಿದ್ದಳು.

"ಅಣ್ಣ, ನಾನ್ ತೊಟ್ಟಿ ಹತ್ರ ನಿಂತು ಫೋನಲ್ಲಿ ಹಾಕ್ತೀನಿ. ನೀರು ಬರೋದನ್ನ ಇವ್ಳು ನೋಡ್ಲಿ" ಅಂದೆ.

"ಹೂಂ, ಹಾಕವ್ವ. ನಾನ್ ಒಳಗಡೆ ನೋಡ್ಕತೀನಿ" ಅಂತ ಅಣ್ಣ ಒಳಗೆ ಹೋದ.

ಒತ್ತಿದೆ. ಫೋನಿನಲ್ಲಿ 'ಹಾಕಿದೆ' ಅಂತ ಹಸಿರು ಬಂತು. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತಾದ ಮೇಲೆ ಪೈಪು ಕೆಮ್ಮಿ ಧೋ ಅಂತ ನೀರು ತೊಟ್ಟಿಗೆ ಬಿತ್ತು. ಆರಿಸಿದೆ, ನಿಂತಿತು. ನನಗೆ ಆ ನೀರಿನಲ್ಲಿ ಕುಣಿಯಬೇಕು ಅನ್ನಿಸಿತು. "ನೋಡಿದ್ಯಲ್ಲ?" ಅಂದೆ.

"ಹೌದಕ್ಕ. ನೀರ್ ಬಂತು" ಅಂದಳು.

ಅಷ್ಟೇ. ಅವಳ ಬಾಯಿಂದ 'ಆದ್ರೆ' ಅನ್ನುವ ಮಾತು ಬರದೆ ಇದ್ದದ್ದು ಅದೇ ಮೊದಲು. ಗೆದ್ದ ಮೇಲೆ ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಹೊರಡುವಾಗ ಅತ್ತಿಗೆ ಇಬ್ಬರಿಗೂ ಕುಂಕುಮ ಕೊಟ್ಟಳು, ಅವಳಿಗೆ ಮಾತ್ರ ಬ್ಲೌಸ್ ಪೀಸು, ಮಡಿಲಿಗೆ ತೆಂಗಿನಕಾಯಿ. "ಮೊದಲ್ನೇ ಸಲ ಬಂದೈತೆ ಮಗ" ಅಂದಳು. ಅಣ್ಣ ಅವಳಿಗೆ, "ಹೇಳಿದ್ದು ನೆನಪಿರ್ಲಿ ಕಣವ್ವ" ಅಂದ. ಅವಳು ತಲೆಯಾಡಿಸಿದಳು.

ಏನು ಹೇಳಿದ? ನನಗೆ ಹೇಳದೆ ಇರುವಂಥದ್ದು ಏನು ಹೇಳಿದ? ಬಸ್ಸಿನಲ್ಲಿ ಅದೊಂದೇ ತಲೆಯಲ್ಲಿ ಕೊರೆಯಿತು. ಡಬ್ಬಿ, ಸರ್ವರು, ಓಕೆ ಹೇಳುವ ಜಾಗ ಎಲ್ಲ ಮರೆತುಹೋಯಿತು. ಗುಬ್ಬಿಯಲ್ಲಿ ಇಳಿದು ತುಮಕೂರು ಬಸ್ಸಿಗೆ ಕಾಯುವಾಗ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕಾಫಿಗೆ ಕೂತೆವು.

"ಏನೇ ಅಷ್ಟೊತ್ತು ಮಾತಾಡ್ತಿದ್ರಿ?" ಅಂದೆ.

"ಏನಿಲ್ಲ ಅಕ್ಕ. ಹಸು ವಿಷ್ಯ" ಅಂದಳು. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ ಅನ್ನುವುದು ನನಗೆ ಅವತ್ತು ಗೊತ್ತಾಯಿತು. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಅದರೊಳಗೇ ನೋಡುತ್ತಿದ್ದಳು.

ಆಗ ನಾನು ಮಾಡಿದ್ದು ಶುದ್ಧ ಹೊಟ್ಟೆಕಿಚ್ಚಿನ ಕೆಲಸ, ಆದರೆ ಟೆಸ್ಟಿಂಗಿನ ಕೆಲಸವೂ ಹೌದು. ಫೋನ್ ತೆಗೆದು ಅಲ್ಲಿಂದಲೇ ಅಣ್ಣನ ತೋಟದ ಮೋಟಾರಿಗೆ ಹಸಿರು ಬಟನ್ ಒತ್ತಿದೆ. 'ಹಾಕಿದೆ' ಅಂತ ಬಂತು. ತಕ್ಷಣ ಅಣ್ಣನಿಗೆ ಫೋನ್ ಮಾಡಿದೆ.

"ಅಣ್ಣ, ಇಲ್ಲಿಂದ ಸುಮ್ನೆ ಮೋಟ್ರು ಹಾಕ್ದೆ. ಓಡ್ತಿದ್ಯಾ ನೋಡು."

"ಓಡ್ತೈತೆ ಕಣವ್ವ" ಅಂದ ಅಣ್ಣ, ಒಂದು ಚೂರೂ ತಡಮಾಡದೆ. "ಚೆನ್ನಾಗ್ ಓಡ್ತೈತೆ. ನೀರು ಬೀಳ್ತೈತೆ."

ಅವನ ಹಿಂದೆ ಹಾಲಿನ ಕ್ಯಾನುಗಳ ಸದ್ದು, ಯಾರೋ ಯಾರಿಗೋ ಫ್ಯಾಟ್ ಎಷ್ಟು ಬಂತು ಅಂತ ಕೂಗುವ ಸದ್ದು. ಅಣ್ಣ ಡೈರಿಯಲ್ಲಿ ಹಾಲು ಹಾಕಲು ಸಾಲಿನಲ್ಲಿ ನಿಂತಿದ್ದ. ಡೈರಿ ಇರುವುದು ಊರೊಳಗೆ, ತೋಟ ಊರಾಚೆ. ಅಲ್ಲಿಂದ ನೀರು ಬೀಳುವುದು ಅವನಿಗೆ ಹೇಗೆ ಕಂಡಿತು?

ಫೋನ್ ಇಟ್ಟೆ. ಅವಳ ಕಡೆ ತಿರುಗಿದೆ. "ಹೇಳು" ಅಂದೆ.

"ಅಣ್ಣಂಗೆ ಮಾತ್ ಕೊಟ್ಟಿದೀನಿ ಅಕ್ಕ."

"ಅವನು ನನ್ನ ಅಣ್ಣ ಕಣೇ. ನಿನ್ನ ಅಣ್ಣ ಅಲ್ಲ."

ಅಷ್ಟು ಜೋರಾಗಿ ಹೇಳಿದೆನೋ ಏನೋ, ಗಲ್ಲಾದಲ್ಲಿ ಕೂತವರು ತಿರುಗಿ ನೋಡಿದರು. ಅವಳು ಲೋಟ ಕೆಳಗಿಟ್ಟು ಹೇಳಿದಳು.

ಡಬ್ಬಿ ಹಾಕಿಸಿದ ಮೊದಲ ಬೇಸಿಗೆಯಲ್ಲೇ ನಡೆದದ್ದು. ಅಣ್ಣ ಫೋನಿನಲ್ಲಿ ಮೋಟಾರು ಹಾಕಿದ. ನೆಟ್‌ವರ್ಕ್ ಹೋಯಿತು. ಮೋಟಾರೇನೋ ಓಡಿತು, ಆರಿಸಲು ಫೋನು ಕೆಲಸ ಮಾಡಲಿಲ್ಲ. ಅಣ್ಣ ತೋಟಕ್ಕೆ ಹೋಗಿ ಡಬ್ಬಿಯ ಕೆಂಪು ಬಟನ್ ಒತ್ತಿ ಆರಿಸಿ ಮನೆಗೆ ಬಂದ. ಅವನು ಬಂದ ಮೇಲೆ ನೆಟ್‌ವರ್ಕ್ ಬಂತು, ಮೋಟಾರು ತಾನೇ ಎದ್ದಿತು. ಬೋರಿನಲ್ಲಿ ನೀರು ತಳ ಕಂಡಿತ್ತು. ಬರಿಗಾಳಿಯಲ್ಲಿ ಓಡಿ ಓಡಿ ಸುಟ್ಟುಹೋಯಿತು. ಪೈಪುಗಳನ್ನೆಲ್ಲ ಎತ್ತಿಸಿ, ಮೋಟಾರು ಮೇಲೆ ತಂದು, ರಿವೈಂಡಿಂಗಿಗೆ ಗುಬ್ಬಿಗೆ ಒಯ್ದು, ಮತ್ತೆ ಇಳಿಸುವಷ್ಟರಲ್ಲಿ ಆ ವರ್ಷ ನೆಟ್ಟಿದ್ದ ತೆಂಗಿನ ಸಸಿಗಳು ಒಣಗಿದವು. ಅದಾದ ಮೇಲೆ ಅಣ್ಣ ಡಬ್ಬಿಯ ವೈರು ಬಿಚ್ಚಿಸಿ ಹಳೇ ಸ್ಟಾರ್ಟರಿಗೆ ಡೈರೆಕ್ಟ್ ಕೊಡಿಸಿದ್ದ. ಡಬ್ಬಿಗೆ ಕರೆಂಟು ಮಾತ್ರ ಇತ್ತು. ನಮ್ಮ ಮೊದಲ ಡಬ್ಬಿಗೆ ಮೋಟಾರು ನಿಜವಾಗಿ ಓಡುತ್ತಿದೆಯಾ ಅಂತ ತಿಳಿಯುವ ಶಕ್ತಿ ಇರಲಿಲ್ಲ. ತನ್ನ ಸ್ವಿಚ್ಚು ಟಕ್ ಅಂದರೆ ಸಾಕು, 'ಹಾಕಿದೆ' ಅನ್ನುತ್ತಿತ್ತು.

"ಮತ್ತೆ ದಿನಾ ಸರ್ವರಲ್ಲಿ ಹಸಿರು ಬರ್ತಿತ್ತಲ್ಲ?" ಅಂದೆ.

"ಕೈಯಲ್ಲಿ ಮೋಟ್ರು ಹಾಕೋವಾಗ ಫೋನಲ್ಲೂ ಒತ್ತುತಾರಂತೆ ಅಕ್ಕ, ದಿನಾ. ಆರ್ಸೋವಾಗ್ಲೂ ಅಷ್ಟೇ. ತಂಗಿ ಆಫೀಸಲ್ಲಿ ಕೂತು ನೋಡ್ತಿರ್ತಾಳೆ, ಒತ್ಲಿಲ್ಲ ಅಂದ್ರೆ ಬೇಜಾರ್ ಮಾಡ್ಕೊತಾಳೆ ಅಂದ್ರು. ನೀವು ಹಬ್ಬಕ್ಕೆ ಬಂದು ಫೋನಲ್ಲಿ ಹಾಕಿ ತೋರ್ಸಿದ್ರೆ, ಡಬ್ಬಿ ಟಕ್ ಅಂದಿದ್ದು ಕೇಳಿಸ್ಕೊಂಡು ಅವ್ರು ಒಳಗಿಂದ ಹಾಕ್ತಾರಂತೆ."

ಇವತ್ತೂ ಹಾಗೇ ಹಾಕಿದ್ದ. ಪೈಪು ಕೆಮ್ಮುವ ಮುಂಚೆ ಆ ಒಂದು ಉಸಿರಿನಷ್ಟು ಹೊತ್ತು, ಅದು ಅಣ್ಣ ಸ್ಟಾರ್ಟರಿಗೆ ಕೈ ಚಾಚಿದ ಹೊತ್ತು.

"ನಮ್ ಹುಡುಗಿ ಕೈಯಾರೆ ತಂದ್ಕೊಟ್ಟಿದ್ದು, ಮನೆಮಗಳು ತಂದಿದ್ದಕ್ಕೆ ಹೆಸ್ರು ಇಡಬಾರ್ದು ಅಂದ್ರು. ನೀವು ಬೇರೆ ಮಾಡಿ ಕಳ್ಸಿ, ಅವ್ಳಿಗೆ ಮಾತ್ರ ಹೇಳ್ಬೇಡಿ ಅಂದ್ರು."

ನಮ್ಮ ಕಡೆ ಇದು ಇದೆ. ಮದುವೆಯಾಗಿ ಹೋದ ಮಗಳು ತವರಿಗೆ ಏನು ತಂದರೂ ಚೆನ್ನಾಗಿದೆ ಅನ್ನುತ್ತಾರೆ. ಸೀರೆ ಬಣ್ಣ ಬಿಟ್ಟರೂ, ಹಣ್ಣು ಹುಳಿಯಿದ್ದರೂ. ಇದು ನನಗೂ ಗೊತ್ತಿತ್ತು. ಎರಡು ವರ್ಷ ಆ ಹಸಿರನ್ನು ನೋಡುತ್ತಿದ್ದರೂ ಈ ಮಾತನ್ನು ಡಬ್ಬಿಗೆ ಜೋಡಿಸಲು ನನ್ನ ತಲೆ ಓಡಿರಲಿಲ್ಲ. ಕಂಪನಿಗೆ ಬೇರೆ ಡಬ್ಬಿಗಳ ದೂರು ಬಾರದ ದಿನವೇ ಇರಲಿಲ್ಲ, ಈ ಒಂದರ ದೂರು ಮಾತ್ರ ಯಾಕಿಲ್ಲ ಅಂತ ಅವಳು ಮಾತ್ರ ಕೇಳಿದಳು.

ನಿಜ ಹೇಳಬೇಕೆಂದರೆ ಆಗ ನನಗೆ ಮೋಟಾರು ಸುಟ್ಟಿದ್ದಕ್ಕಾಗಲಿ, ಸಸಿ ಒಣಗಿದ್ದಕ್ಕಾಗಲಿ ಮೊದಲು ದುಃಖವಾಗಲಿಲ್ಲ. ಅಣ್ಣ ಅದನ್ನು ಇವಳಿಗೆ ಹೇಳಿದನಲ್ಲ ಅಂತ ಸಂಕಟವಾಯಿತು. ಬೆಳಿಗ್ಗೆ ಕಂಡವಳು. ಒಂದು ಮುದ್ದೆ ಉಂಡವಳು. ಅವಳಿಗೆ ಹೇಳಬಹುದು, ನನಗೆ ಹೇಳಬಾರದು. ಬಸ್ಸು ಬಂತು, ಹತ್ತಿದೆವು, ತುಮಕೂರಿನವರೆಗೂ ನಾನು ಬೇರೆ ಸೀಟಿನಲ್ಲಿ ಕೂತೆ. ಇಳಿಯುವಾಗ ಅವಳು ಮೆಲ್ಲಗೆ, "ಸೋಮವಾರ ನಾನು ಏನೂ ಹೇಳಲ್ಲ ಅಕ್ಕ. ನೀವು ಹೆಂಗ್ ಹೇಳ್ತೀರೋ ಹಂಗೆ" ಅಂದಳು. ತೆಂಗಿನಕಾಯಿಯನ್ನು ಎದೆಗೊತ್ತಿಕೊಂಡು ಕುಣಿಗಲ್ ಬಸ್ಸಿನ ಕಡೆ ಹೋದಳು.

ಭಾನುವಾರ ಪೂರ್ತಿ ಕುದಿದೆ. ನಾನು ಸುಮ್ಮನಿದ್ದರೆ ಡಬ್ಬಿ ಹೊರಗೆ ಹೋಗುತ್ತದೆ, ಜಾಗ ನನ್ನದಾಗುತ್ತದೆ. ಅವಳು ಅಣ್ಣನಿಗೆ ಕೊಟ್ಟ ಮಾತಿಗಾಗಿ ಬಾಯಿ ಮುಚ್ಚಿಕೊಂಡು ಸೋಲುತ್ತಾಳೆ. ಸೋಲುವುದೂ ಎಂಥಾ ಸೋಲು. ನನ್ನ ಅಣ್ಣನ ಮಾತು ಉಳಿಸಿದವಳು ಅಂತ ನನ್ನ ಅಣ್ಣನ ಕಣ್ಣಲ್ಲಿ ದೊಡ್ಡವಳಾಗಿ ಕೂರುತ್ತಾಳೆ. ಬುದ್ಧಿವಂತಿಕೆ ಅವಳದು, ತುಂಟತನ ಅವಳದು, ಅಣ್ಣನ ಗುಟ್ಟು ಅವಳದು. ಈ ದೊಡ್ಡತನವೂ ಅವಳಿಗೇ ಹೋಗಬೇಕಾ? ಯಾವ ರೈತನ ಮೋಟಾರು ಸುಡುತ್ತದೆ ಅನ್ನುವ ಯೋಚನೆ ಬಂದದ್ದು ಇದಾದ ಮೇಲೆ. ಬಂತು, ಇಲ್ಲ ಅನ್ನುವುದಿಲ್ಲ. ಆದರೆ ನನ್ನನ್ನು ಎಬ್ಬಿಸಿದ್ದು ಮೊದಲಿನದು.

ಸೋಮವಾರ ಸರ್ ಬಾಯಿ ತೆರೆಯುವ ಮುಂಚೆ ನಾನೇ ಹೇಳಿದೆ. "ಡಬ್ಬಿ ಕಳಿಸ್ಬೇಡಿ ಸರ್. ಅವಳು ಪಾತ್ರೆಯೊಳಗೆ ತೋರ್ಸಿದ್ದೇ ನಮ್ಮ ತೋಟದಲ್ಲಿ ಆಗಿದೆ. ಮೋಟ್ರು ಸುಟ್ಟಿದೆ. ಎರಡು ವರ್ಷದ ಹಸಿರು ಪೂರ್ತಿ ಸುಳ್ಳು, ನಮ್ಮಣ್ಣ ಕೈಯಲ್ಲಿ ಹಾಕ್ಕೊಂಡು ಫೋನಲ್ಲಿ ಒತ್ತುತ್ತಿದ್ದ." ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಗೌರವ ಇತ್ತು, ಅದನ್ನು ನೋಡಿ ನನಗೆ ಇನ್ನೂ ಸಿಟ್ಟು ಬಂತು.

ಸರ್ ಸರ್ವರಿನಲ್ಲಿ ಆ ಹಸಿರನ್ನು ಇನ್ನೊಂದು ಸಲ ತೆಗೆದು ನೋಡಿದರು. ಆಮೇಲೆ ಟೋಕನ್ ನಂಬರ್ ಹಾಕುವ ಕೆಲಸ ಶುರುವಾಗಲಿ ಅಂದರು. ವಾರ ಕಳೆದು ಓಕೆ ಹೇಳುವ ಜಾಗವನ್ನು ಅವಳಿಗೆ ಕೊಟ್ಟರು. ನನ್ನನ್ನು ಕರೆದು, "ನಿಮಗೆ ಬೇಜಾರಿಲ್ಲ ತಾನೇ?" ಅಂದರು. ಇದೆ ಸರ್ ಅಂದೆ. ಅವರು ನಕ್ಕರು, ನಾನು ತಮಾಷೆ ಮಾಡಿದೆ ಅಂತ ತಿಳಿದರು.

ಹೊಸ ಡಬ್ಬಿಗಳು ಈಗ ತೋಟಗಳಲ್ಲಿವೆ. ಹಳೇ ಮಾತು ಬಂದರೆ ಒಳಗೆ ಬಿಡುವುದಿಲ್ಲ, ಮೋಟಾರು ನಿಜವಾಗಿ ಓಡಿದರೆ ಮಾತ್ರ 'ಹಾಕಿದೆ' ಅನ್ನುತ್ತವೆ. ಅಣ್ಣನ ತೋಟಕ್ಕೂ ಒಂದು ಹೋಯಿತು, ಈ ಸಲ ಅವಳೇ ಹೋಗಿ ಹಾಕಿಸಿ ಬಂದಳು. ಮೊದಲ ತಿಂಗಳು ಅದು ಸುಮಾರು ತೊಂದರೆ ಕೊಟ್ಟಿತು. ಬ್ಯಾಟರಿ ಬೇಗ ಇಳಿಯುತ್ತಿತ್ತು. ಕರೆಂಟು ಬಂದು ಹೋಗಿ ಆದರೆ ಮಂಕಾಗಿ ಕೂರುತ್ತಿತ್ತು. ಇದೆಲ್ಲ ನನಗೆ ಗೊತ್ತಾಗಿದ್ದು ಪಕ್ಕದ ಮೇಜಿನಿಂದ. ಅವಳ ಫೋನ್ ರಿಂಗಾಗುತ್ತದೆ, ಅವಳು "ಹೇಳಿ ಅಣ್ಣ" ಅನ್ನುತ್ತಾಳೆ, ಆಮೇಲೆ ಬಹಳ ಹೊತ್ತು ಹೂಂಗುಟ್ಟುತ್ತಾಳೆ. ಒಮ್ಮೊಮ್ಮೆ ನಗುತ್ತಾಳೆ. ಮಾತು ಮುಗಿದ ಮೇಲೆ ಆ ದೂರನ್ನು ಪರೀಕ್ಷೆ ಮಾಡಿ ನೋಡಿ ಅಕ್ಕ ಅಂತ ನನಗೆ ಕೊಡುತ್ತಾಳೆ, ಯಾರ ತೋಟದ್ದು ಅಂತ ಹೇಳುವುದಿಲ್ಲ. ಹೇಳಬೇಕಾಗಿಲ್ಲ.

ಮೊನ್ನೆ ಬೆಳಿಗ್ಗೆ ಹಾಗೇ ಒಂದು ದೂರು ಬಂತು. ಡಬ್ಬಿ ಬೆಳಗಿನಿಂದ ಒಂದು ಮಾತಿಗೂ ಉತ್ತರ ಕೊಡುತ್ತಿಲ್ಲ, ಸಸಿಗಳಿಗೆ ನೀರಿಲ್ಲ. ಅವಳು ಇನ್ನೂ ಫೋನಿನಲ್ಲಿ ಮಾತಾಡುತ್ತಿದ್ದಳು. ಮುಗಿಯಲಿ ಅಂತ ಕಾದೆ. ಮುಗಿಯಿತು. ನಾನು ಹೊರಗೆ ಶೆಡ್ಡಿನ ಪಕ್ಕ ಹೋಗಿ ಅಣ್ಣನಿಗೆ ಫೋನ್ ಮಾಡಿದೆ.

"ಅಣ್ಣ, ಡಬ್ಬಿ ಹೆಂಗಿದೆ?"

"ಚೆನ್ನಾಗೈತೆ ಕಣವ್ವ" ಅಂದ. "ಏನೂ ತೊಂದ್ರೆ ಇಲ್ಲ. ನಿಂದು ಊಟ ಆಯ್ತಾ?"